ಮೀನಿನ ತಲೆ, ಸಿಗಡಿ ಸಿಪ್ಪೆ ಮತ್ತು ಮಿತವ್ಯಯದ ಸೂಪ್

ಕಡಲ ಆಹಾರದ ಸೂಪ್ ಎಂದೊಡನೆ ಅದು ಕೈಗೆಟುಕದ ಅಡುಗೆ ಎಂದು ಅನೇಕರಿಗೆ ತೋರುತ್ತದೆ. ಅದರ ರುಚಿಯೆಲ್ಲ ದುಬಾರಿ ಮೀನಿನ ಮಾಂಸದಲ್ಲಿದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ವಾಸ್ತವವಾಗಿ ಸೂಪಿಗೆ ಸತ್ವ ಕೊಡುವುದು ಮೀನು ಹೆಚ್ಚುವವರು ಅಗ್ಗವಾಗಿ ಮಾರುವ, ಎಷ್ಟೋ ಸಲ ಎಸೆದೇಬಿಡುವ ತಲೆ, ಮೂಳೆ, ಚರ್ಮ ಮತ್ತು ಸಿಗಡಿಯ ಸಿಪ್ಪೆ.

ಮೀನಿನ ಚರ್ಮದಲ್ಲೂ ಮೂಳೆಯಲ್ಲೂ ಕೊಲಾಜೆನ್ ಎಂಬ ಪ್ರೋಟೀನ್ ಇರುತ್ತದೆ. ಮೂರು ಎಳೆಗಳು ಹೆಣೆದುಕೊಂಡಿರುವ ಅದು ಬಿಸಿನೀರಿನಲ್ಲಿ ಬಿಚ್ಚಿಕೊಂಡು ಜೆಲಟಿನ್ ಆಗಿ ಕರಗಿ ಸಾರಿಗೆ ಮಂದತ್ವ ತರುತ್ತದೆ. ಕುರಿ, ದನಗಳ ಮೂಳೆಯಿಂದ ಜೆಲಟಿನ್ ಇಳಿಸಲು ಗಂಟೆಗಟ್ಟಲೆ ಕುದಿಸಬೇಕು. ಮೀನಿನ ಕೊಲಾಜೆನ್ ಅಷ್ಟು ಬಿಗಿಯಾಗಿ ಬೆಸೆದುಕೊಂಡಿರುವುದಿಲ್ಲವಾದ್ದರಿಂದ ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಬೇಯಿಸಿದರೆ ಸಾಕು, ಇಂಧನವೂ ಉಳಿಯುತ್ತದೆ. ಇನ್ನೂ ಹೊತ್ತು ಕೊತಕೊತ ಕುದಿಸಿದರೆ ಮೂಳೆಯ ಕ್ಯಾಲ್ಸಿಯಂ ಲವಣಗಳು ಬಿಟ್ಟುಕೊಂಡು ಸಾರು ಕದಡಿ, ಸುಣ್ಣದಂಥ ರುಚಿ ಹತ್ತುತ್ತದೆ. ತಲೆ ಬಳಸುವಾಗ ಕಿವಿರುಗಳನ್ನು ಕಿತ್ತು, ಬೆನ್ನುಮೂಳೆಗೆ ಅಂಟಿದ ರಕ್ತವನ್ನು ತೊಳೆಯುವುದನ್ನು ಮಾತ್ರ ಮರೆಯಬಾರದು. ಕಹಿಯೂ ಕೆಟ್ಟ ವಾಸನೆಯೂ ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ.

ವಾಸನೆಗೆ ಇನ್ನೊಂದು ಮೂಲವೂ ಇದೆ. ಕಡಲ ಮೀನುಗಳ ಮೈಯಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ, ತಾನಾಗಿ ವಾಸನೆಯಿಲ್ಲದ ವಸ್ತುವಿದ್ದು, ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲಮೀನ್ ಆಗಿ ಬದಲಿಸುತ್ತವೆ. ಸುಲಭವಾಗಿ ಆವಿಯಾಗುವ ಈ ಕ್ಷಾರೀಯ ವಸ್ತು ಹುಳಿಯೊಡನೆ ಸೇರಿದಾಗ ಆವಿಯಾಗದ ಲವಣವಾಗುತ್ತದೆ. ನಿಂಬೆರಸ ಅಥವಾ ಟೊಮೆಟೊ ಬಿದ್ದೊಡನೆ ಮೀನಿನ ನಾತ ತಗ್ಗುವುದು ಇದರಿಂದಲೇ.

ಟೊಮೆಟೊದಿಂದ ಇನ್ನೂ ದೊಡ್ಡ ಲಾಭವಿದೆ. ಜಪಾನಿನ ಕಿಕುನಾಎ ಇಕೆಡ 1908ರಲ್ಲಿ ಕಡಲ ಪಾಚಿಯ ಸಾರಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಕೊಂಡು ಆ ರುಚಿಯನ್ನು ಉಮಾಮಿ ಎಂದು ಕರೆದರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಾಮ ಒಣಮೀನಿನಲ್ಲಿ ಇನೊಸಿನೇಟ್ ಎಂಬ ಮತ್ತೊಂದು ರುಚಿಕಾರಕವನ್ನು ಗುರುತಿಸಿದರು. ಇವೆರಡೂ ಜೊತೆಗೂಡಿದಾಗ ನಾಲಿಗೆಗೆ ತಟ್ಟುವ ರುಚಿ ಬಿಡಿಬಿಡಿ ರುಚಿಗಳ ಮೊತ್ತಕ್ಕಿಂತ ಎಷ್ಟೋ ಪಾಲು ಹೆಚ್ಚು. ಮೀನಿನಲ್ಲಿ ಇನೊಸಿನೇಟ್ ಧಾರಾಳವಾಗಿದೆ, ಹಣ್ಣಾದ ಟೊಮೆಟೊದಲ್ಲಿ ಗ್ಲುಟಮೇಟ್ ಇದೆ. ದುಬಾರಿ ಮೀನಿನ ಮತ್ತೊಂದು ಹೋಳಿಗಿಂತ ಎರಡು ಟೊಮೆಟೊ ಹೆಚ್ಚು ಕೆಲಸ ಮಾಡುತ್ತವೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಸಿಗಡಿಯ ಸಿಪ್ಪೆಯನ್ನು ನೇರವಾಗಿ ನೀರಿಗೆ ಹಾಕುವ ಬದಲು ಮೊದಲು ಸ್ವಲ್ಪ ಎಣ್ಣೆಯಲ್ಲಿ ಹುರಿಯಬೇಕು. ಬೂದು ಬಣ್ಣದ ಸಿಪ್ಪೆ ನೋಡನೋಡುತ್ತಲೇ ಕೆಂಪಾಗುತ್ತದೆ: ಅಸ್ಟಾಕ್ಸಾಂಥಿನ್ ಎಂಬ ವರ್ಣದ್ರವ್ಯವನ್ನು ಹಿಡಿದಿಟ್ಟಿದ್ದ ಪ್ರೋಟೀನ್ ಕಾವಿಗೆ ಸಡಿಲಗೊಂಡು ಅದನ್ನು ಬಿಟ್ಟುಕೊಡುತ್ತದೆ. ಈ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಹುರಿದ ಘಮವೂ ಎಣ್ಣೆಯಲ್ಲೇ ಉಳಿಯುತ್ತದೆ. ಆಮೇಲೆ ನೀರು ಸುರಿದು ಕುದಿಸಿ ಸೋಸಿದರೆ ಮೇಲೆ ಕಿತ್ತಳೆ ಬಣ್ಣದ ಹನಿಗಳು ತೇಲುತ್ತವೆ.

ಹೊಟ್ಟೆ ತುಂಬಿಸುವ ಕೆಲಸವನ್ನು ಆಲೂಗಡ್ಡೆಗೋ ನೆನೆಸಿ ಬೇಯಿಸಿದ ಕಾಳಿಗೋ ಒಪ್ಪಿಸಬಹುದು. ಇಲ್ಲಿ ಅನುಕ್ರಮ ಮುಖ್ಯ. ತರಕಾರಿಯ ಕೋಶಗಳನ್ನು ಅಂಟಿಸಿಡುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲವಾದ್ದರಿಂದ, ಆಲೂಗಡ್ಡೆ ಮೆತ್ತಗಾದ ಮೇಲೆಯೇ ಟೊಮೆಟೊ ಸೇರಿಸಬೇಕು. ಮಾಂಸದ ಹೋಳುಗಳ ಸರದಿ ಎಲ್ಲಕ್ಕಿಂತ ಕೊನೆಗೆ. ಮೀನಿನ ಸ್ನಾಯು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಪದರಪದರವಾಗಿ ಬಿಡಿಸಿಕೊಳ್ಳುತ್ತದೆ. ಕುದಿಯುವ ಸಾರಿನಲ್ಲಿ ಬಹಳ ಹೊತ್ತು ಬಿಟ್ಟರೆ ರಸ ಕಳೆದುಕೊಂಡು ಒರಟಾಗುತ್ತದೆ. ಹೋಳುಗಳನ್ನು ಇಳಿಬಿಟ್ಟು ಉರಿ ತಗ್ಗಿಸಿ, ಒಳಗಿನವರೆಗೂ ಬಿಳಿಯಾಗುವ ತನಕ ಕೆಲವೇ ನಿಮಿಷ ಕಾಯಿಸಿದರೆ ಸಾಕು.

ಅಗ್ಗ ಎಂಬ ಕಾರಣಕ್ಕೆ ಬಿಸಿಲಲ್ಲಿ ಬಿದ್ದಿದ್ದ ಬಂಗುಡೆ, ಬೂತಾಯಿಗಳನ್ನು ಕೊಳ್ಳುವುದು ಮಾತ್ರ ಉಳಿತಾಯವಲ್ಲ. ಇಂಥ ಮೀನುಗಳಲ್ಲಿ ಬ್ಯಾಕ್ಟೀರಿಯಾಗಳು ತಯಾರಿಸುವ ಹಿಸ್ಟಮಿನ್ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರಿ, ತುರಿಕೆ, ತಲೆನೋವು ಕಾಣಿಸಿಕೊಳ್ಳಬಹುದು. ಅಂಥ ಮೀನಿಗಿಂತ ಹಿಡಿದ ಕೂಡಲೇ ಶೈತ್ಯೀಕರಿಸಿದ ಮೀನು ಮೇಲು. ಮಿಕ್ಕ ಸೂಪನ್ನು ಎರಡು ಗಂಟೆಯೊಳಗೆ, ಅಗಲವಾದ ಪಾತ್ರೆಗೆ ಬಗ್ಗಿಸಿ ಫ್ರಿಜ್ಜಿನಲ್ಲಿಡಬೇಕು. ಮರುದಿನಕ್ಕೂ ಬೇಕೆಂದಿದ್ದರೆ ಸಾರನ್ನಷ್ಟೇ ಹೆಚ್ಚಾಗಿ ಮಾಡಿಟ್ಟುಕೊಂಡು, ಹಸಿ ಹೋಳುಗಳನ್ನು ಫ್ರೀಜರಿನಲ್ಲಿ ಉಳಿಸಿ, ಬಡಿಸುವ ಮುನ್ನ ಹೊಸದಾಗಿ ಬೇಯಿಸಿಕೊಳ್ಳುವುದು ಒಳ್ಳೆಯದು.