ಕಾಡ್ಗಿಚ್ಚು, ನೆಲದ ಬಳಕೆ, ಕಾಡಿನ ಉತ್ಪಾದಕತೆ: ಓದುವಾಗ ಮಾಡಿಕೊಂಡ ಟಿಪ್ಪಣಿ

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಉತ್ಪಾದಕತೆ ಅಂದರೆ ಗಿಡಮರಗಳು ವರ್ಷಕ್ಕೆ ಎಷ್ಟು ಇಂಗಾಲ ಗಳಿಸುತ್ತವೆ ಅನ್ನೋ ಲೆಕ್ಕ. ಎಲೆಗಳು ಬಿಸಿಲಲ್ಲಿ ಹಿಡಿದದ್ದೆಲ್ಲ ಒಟ್ಟು ಉತ್ಪಾದನೆ. ಅದರಲ್ಲಿ ಗಿಡದ ಉಸಿರಾಟಕ್ಕೆ ಹೋದದ್ದನ್ನು ಕಳೆದರೆ ನಿವ್ವಳ ಉತ್ಪಾದನೆ. ಜೀವರಾಶಿ ಅಂದರೆ ಕಾಂಡ, ಬೇರುಗಳಲ್ಲಿ ಕೂಡಿಟ್ಟ ಗಂಟು. ಸಂಬಳ ಬೇರೆ, ಉಳಿತಾಯ ಬೇರೆ, ಅಲ್ವಾ? ಹಾಗೇ ಇದು.

ಇನ್ನು ಬೆಂಕಿ. ಮಳೆಕಾಡಿನ ಒಳಗೆ ನೆರಳು, ತೇವ ಎರಡೂ ಜಾಸ್ತಿ. ಕಿಡಿ ಬಿದ್ದರೂ ಸಾಮಾನ್ಯವಾಗಿ ಹಬ್ಬುವುದಿಲ್ಲ. ಅಮೆಜಾನ್‌ನಲ್ಲಿ ಬೆಂಕಿ ಹೆಚ್ಚಾಗಿ ಬರುವುದು ಪಕ್ಕದ ಜಮೀನಿನಿಂದ. ದನದ ಹುಲ್ಲುಗಾವಲಿಗೆ ಕಾಡು ಕಡಿದು, ಒಣಗಿಸಿ, ಸುಡುತ್ತಾರೆ. ಕಡಿದ ಜಾಗಕ್ಕೆ ತಾಗಿದ ಕಾಡಿನ ಅಂಚು ಬಿಸಿಲಿಗೆ ಒಣಗಿರುತ್ತದೆ. ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಕೆಲ ವರ್ಷಕ್ಕೊಮ್ಮೆ ಬಿಸಿಯಾಗಿ ಮಳೆಯ ಲೆಕ್ಕ ತಪ್ಪಿಸುವುದು) ತರುವ ಬರಗಾಲವೂ ಸೇರಿದರೆ, 1997-98 ಮತ್ತು 2015-16ರಲ್ಲಿ ಆದಂತೆ, ಬೆಂಕಿ ಒಳಗೆ ನುಗ್ಗುತ್ತದೆ.

ಆ ಬೆಂಕಿ ನೋಡಲು ಭಯಂಕರವಾಗಿರುವುದಿಲ್ಲ. ಎಷ್ಟೋ ಕಡೆ ಮೊಣಕಾಲೆತ್ತರದ ಜ್ವಾಲೆ, ತರಗೆಲೆ ಮೇಲೆ ನಿಧಾನವಾಗಿ ತೆವಳುತ್ತದೆ. ಆ ನಿಧಾನವೇ ಅಪಾಯ. ಮಳೆಕಾಡಿನ ಎಷ್ಟೋ ಮರಗಳ ತೊಗಟೆ ತೆಳು. ಬುಡದಲ್ಲಿ ಬಹಳ ಹೊತ್ತು ನಿಂತ ಬಿಸಿ ತೊಗಟೆಯೊಳಗಿನ ಜೀವಂತ ಪದರವನ್ನು ಬೇಯಿಸಿಬಿಡುತ್ತದೆ. ಮರ ತಕ್ಷಣ ಬೀಳುವುದಿಲ್ಲ. ಕೆಲವು ದೊಡ್ಡ ಮರಗಳು ವರ್ಷಗಳ ನಂತರ ಸಾಯುತ್ತವೆ. ಆಮೇಲೆ ನೆಲಕ್ಕೆ ಬಿಸಿಲು ಬೀಳುತ್ತದೆ, ತರಗೆಲೆ ಬೇಗ ಒಣಗುತ್ತದೆ, ಎರಡನೇ ಬೆಂಕಿ ಇನ್ನೂ ಜೋರಾಗಿರುತ್ತದೆ.

ಈಗ ಉಪಗ್ರಹದ ಚಿತ್ರಕ್ಕೆ ಬನ್ನಿ. ಎನ್‌ಡಿವಿಐ ಸೂಚ್ಯಂಕ ಎಲೆಗಳಿಂದ ಮರಳಿ ಬರುವ ಕೆಂಪು ಮತ್ತು ಅವಕೆಂಪು (ಕಣ್ಣಿಗೆ ಕಾಣದ) ಬೆಳಕಿನ ವ್ಯತ್ಯಾಸದಿಂದ ಹಸಿರನ್ನು ಅಳೆಯುತ್ತದೆ. ಸುಟ್ಟ ಜಾಗದಲ್ಲಿ ಸೆಕ್ರೋಪಿಯಾದಂಥ ಅಗಲ ಎಲೆಯ ಮರಗಳು ಸರಸರನೆ ಏಳುತ್ತವೆ. ಕೆಲವೇ ವರ್ಷದಲ್ಲಿ ಸೂಚ್ಯಂಕ ಮೊದಲಿನ ಮಟ್ಟಕ್ಕೆ ಬಂದುಬಿಡಬಹುದು. ನಾನೂ ಮೊದಲು ಇದನ್ನೇ ಚೇತರಿಕೆ ಅಂತ ಬರೆದುಕೊಂಡಿದ್ದೆ, ತಪ್ಪು. ಸಂಬಳ ಮತ್ತೆ ಶುರುವಾಗಿದೆ, ಗಂಟು ತುಂಬಲು ಹತ್ತಾರು ವರ್ಷ ಬೇಕು. ದಟ್ಟ ಕಾಡಿನಲ್ಲಿ ಎನ್‌ಡಿವಿಐ ಒಂದು ಮಟ್ಟದ ಮೇಲೆ ಏರುವುದೂ ಇಲ್ಲ. ಮರದ ಎತ್ತರ ತಿಳಿಯಲು ಲೈಡಾರ್ ಅಳತೆ, ಅಂದರೆ ಲೇಸರ್ ಬೆಳಕು ಬಿಟ್ಟು ಅದು ಮರಳುವ ಸಮಯದಿಂದ ದೂರ ಅಳೆಯುವುದು, ಜೊತೆಗಿರಬೇಕು.

ಇಂಡೋನೇಷ್ಯಾದ ಪೀಟ್ ನೆಲದ್ದು (ಜೌಗಿನಲ್ಲಿ ಪೂರ್ತಿ ಕೊಳೆಯದ ಗಿಡಮರಗಳ ಉಳಿಕೆ ಪದರಪದರವಾಗಿ ಕೂಡಿದ ಮಣ್ಣು) ಇನ್ನೂ ನೋವಿನ ಕತೆ. ತೋಟಕ್ಕಾಗಿ ಕಾಲುವೆ ತೋಡಿ ನೀರು ಬಸಿದ ಮೇಲೆ ಅಲ್ಲಿ ಮಣ್ಣೇ ಹೊತ್ತಿಕೊಳ್ಳುತ್ತದೆ. 2015ರಲ್ಲಿ ತಿಂಗಳುಗಟ್ಟಲೆ ಉರಿಯಿತು. ಸಾವಿರಾರು ವರ್ಷ ಕೂಡಿದ ಇಂಗಾಲ ಹೊಗೆಯಾಗಿ ಹೋದ ಜಾಗದಲ್ಲೂ ತಾಳೆ ಎಣ್ಣೆ ತೋಟ ಬೆಳೆದರೆ ಚಿತ್ರದಲ್ಲಿ ಹಚ್ಚ ಹಸಿರೇ ಕಾಣುತ್ತದೆ.