ಪಕ್ಕದ ಹೊಲಕ್ಕೆ ಬಂದ ಪರಿಹಾರ ನಮಗ್ಯಾಕೆ ಬರಲಿಲ್ಲ?

2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿತು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆ ತೊಗರಿ, ಹತ್ತಿ ಹೊಲಗಳೆಲ್ಲ ನೀರುಪಾಲಾದವು. ಪರಿಹಾರ ಘೋಷಣೆಯಾಯಿತು. ಕಂದಾಯ ಇಲಾಖೆಯಲ್ಲಿ ದುಡಿದು ಬಂದ ನನ್ನಂಥವರಿಗೆ ಆಮೇಲೆ ಬರುವ ಪ್ರಶ್ನೆ ಮೇಲಿನದೇ.

ಮೊದಲು ದುಡ್ಡಿನ ಲೆಕ್ಕ. ಆಗಿನ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ನಿಯಮದಂತೆ ಖುಷ್ಕಿ (ಮಳೆಯಾಶ್ರಿತ) ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಬೆಳೆ ಕನಿಷ್ಠ ಶೇ 33ರಷ್ಟು ಹಾಳಾಗಿರಬೇಕು. ಆ ಸಲ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ಸೇರಿಸಿತು. ಅಲ್ಲಿಗೆ ಖುಷ್ಕಿ ತೊಗರಿಗೆ ಎಕರೆಗೆ ಹತ್ತಿರ ಹತ್ತಿರ 6,900 ಆಯಿತು. ಮಿತಿ 2 ಹೆಕ್ಟೇರ್. ಅಂದರೆ 5 ಎಕರೆಗೆ ಒಂದೆರಡು ಗುಂಟೆ ಕಮ್ಮಿ. ಹತ್ತು ಎಕರೆ ಮುಳುಗಿದರೂ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಹೋದ ಬೆಳೆಯ ಬೆಲೆ ಇದರಲ್ಲಿ ಬರುವುದಿಲ್ಲ. ಮುಂದಿನ ಬಿತ್ತನೆಯ ಬೀಜ, ಗೊಬ್ಬರಕ್ಕೆ ಒಂದು ಆಸರೆ, ಅಷ್ಟೇ.

ಈ ಹಣವೂ ಕೈ ತಪ್ಪುವುದು ಹೆಚ್ಚಾಗಿ ಪಹಣಿಯಲ್ಲಿ. ಹೊಲ ಅಜ್ಜನ ಹೆಸರಲ್ಲಿದೆ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಉಳುವವರು ಮೂವರು ಮೊಮ್ಮಕ್ಕಳು. ಜಂಟಿ ಸಮೀಕ್ಷೆಯವರು ಕೆಸರಲ್ಲಿ ನಿಂತು ಫೋಟೊ ತೆಗೆದು, ನಷ್ಟ ಬರೆದುಕೊಂಡು ಹೋಗುತ್ತಾರೆ. ಆದರೆ ಪರಿಹಾರ ತಂತ್ರಾಂಶದಲ್ಲಿ ಆ ಸರ್ವೆ ನಂಬರಿನ ಎದುರು ಬದುಕಿರುವವರ ಎಫ್‌ಐಡಿಯೇ (ರೈತರ ಗುರುತಿನ ಸಂಖ್ಯೆ) ಇಲ್ಲ. ಹಣ ಯಾರಿಗೆ ಹಾಕಬೇಕು?

ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟರೆ ಪೌತಿ ಖಾತೆ ಆಗುತ್ತದೆ, ಅಂದರೆ ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಬರುತ್ತದೆ. ಆದರೂ ಜನ ಸುಮ್ನೆ ಕೂತಿರುತ್ತಾರೆ. ಅಕ್ಕತಂಗಿಯರ ಹೆಸರೂ ಬರುತ್ತದಲ್ಲ ಅನ್ನುವುದೇ ಎಷ್ಟೋ ಮನೆಗಳಲ್ಲಿ ನಿಜವಾದ ಅಡ್ಡಿ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಹಿಸ್ಸೆ ಆಮೇಲೆ ಮಾಡಿಕೊಳ್ಳಿ, ಮೊದಲು ಎಲ್ಲರ ಹೆಸರೂ ಜಂಟಿಯಾಗಿ ಪಹಣಿಗೆ ಬರಲಿ. ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎಲ್ಲ ಸರ್ವೆ ನಂಬರ್‌ಗಳನ್ನೂ ಎಫ್‌ಐಡಿಗೆ ಸೇರಿಸಿ. ಒಂದು ಹೊಲ ಸೇರಿ ಇನ್ನೊಂದು ಬಿಟ್ಟುಹೋಗಿರುವುದು ತೀರಾ ಮಾಮೂಲು.

ಲಾವಣಿಗೆ (ಗೇಣಿಗೆ) ಹೊಲ ಮಾಡಿದವರ ಪಾಡು ಇನ್ನೂ ಕಷ್ಟ. ಬೀಜ ಅವರದು, ಗೊಬ್ಬರ ಅವರದು, ಸಾಲವೂ ಅವರದೇ. ಪರಿಹಾರ ಮಾತ್ರ ಪಹಣಿಯಲ್ಲಿ ಹೆಸರಿದ್ದವರಿಗೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿ ಕೊಡುವುದಕ್ಕೆ ನಿಷೇಧ ಇರುವುದರಿಂದ ಯಾರೂ ಕಾಗದ ಮಾಡುವುದಿಲ್ಲ. ಒಳ್ಳೆಯ ಮಾಲೀಕನಾದರೆ ಬಂದದ್ದರಲ್ಲಿ ಒಂದಿಷ್ಟು ಕೊಡುತ್ತಾನೆ. ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯ ಇದೇ ಅಂತ ನನ್ನ ಲೆಕ್ಕ, ಮತ್ತು ಇದು ಗ್ರಾಮ ಆಡಳಿತ ಅಧಿಕಾರಿಯ ಕೈಯಲ್ಲಿಲ್ಲ.

ಬೆಳೆ ಸಮೀಕ್ಷೆಯನ್ನೂ ಒಮ್ಮೆ ನೋಡಿಕೊಳ್ಳಿ. ಹೊಲದಲ್ಲಿ ತೊಗರಿ ಇದ್ದು ದಾಖಲೆಯಲ್ಲಿ ಹತ್ತಿ ಅಂತಿದ್ದರೆ ತಕರಾರು ಖಂಡಿತ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನಮ್ಮ ಹೊಲದ ವಿವರ, ಫೋಟೊ ಸಿಗುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಹಣ ಬಂದ ಮೇಲೆ ನೋಡಿದರೆ ತಡವಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಹಣ ಬಂದಿಲ್ಲ ಅನ್ನುವವರು, ಬ್ಯಾಂಕ್ ಪಾಸ್‌ಬುಕ್ ಹಿಡಿದು ಜಗಳಕ್ಕೆ ಹೋಗುವ ಮುಂಚೆ ಒಂದು ವಿಷಯ ತಿಳಿದಿರಲಿ. ಪರಿಹಾರ ಹೋಗುವುದು ಆಧಾರ್ ನಂಬರಿಗೆ. ಆಧಾರನ್ನು ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ಹಣ ಪಾವತಿ ಜಾಲ ನಡೆಸುವ ಸಂಸ್ಥೆ) ಕೊನೆಯದಾಗಿ ಯಾವ ಖಾತೆಗೆ ಜೋಡಿಸಿದ್ದೀರೋ ಆ ಖಾತೆಗೇ ಹಣ ಬೀಳುತ್ತದೆ. ಯಾವುದೋ ಯೋಜನೆಗೆ ಅಂತ ತೆರೆದು ಮರೆತುಬಿಟ್ಟ ಖಾತೆಯಲ್ಲಿ ಅದು ಕೂತಿರಬಹುದು.

ಬೆಳೆ ವಿಮೆ ಬೇರೆಯೇ ದಾರಿ. ಕಂತು ಕಟ್ಟಿದ್ದರೆ, ಹೊಲ ಮುಳುಗಿದ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಸರ್ಕಾರದ ಪರಿಹಾರ ಬಂತು ಅಂತ ವಿಮೆ ನಿಲ್ಲುವುದಿಲ್ಲ, ವಿಮೆ ಬಂತು ಅಂತ ಪರಿಹಾರವೂ ನಿಲ್ಲುವುದಿಲ್ಲ. ಎರಡನ್ನೂ ಕೇಳಿ.