ಚೆಂಡಿನಿಂದ ಕಣ್ಣು ಬಿಡಿಸುವ ವಾರ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟ್ರಿಪಲ್ ಆಪ್ಷನ್ ಎಂದರೆ, ಚೆಂಡು ಮೂವರಲ್ಲಿ ಯಾರ ಪಾಲಾಗುತ್ತದೆಂಬುದನ್ನು ಕೊನೆಯ ಕ್ಷಣದವರೆಗೆ ಬಿಟ್ಟುಕೊಡದ ಓಟದ ತಂತ್ರ. ಶನಿವಾರ ಅದನ್ನು ಆಡುವ ತಂಡವೊಂದು ಎದುರಾಗಲಿದೆ ಎಂದಾದರೆ, ಆ ವಾರದ ಮಂಗಳವಾರ ನಾವು ಅಭ್ಯಾಸದ ಮೊದಲ ಭಾಗಕ್ಕೆ ಚೆಂಡನ್ನೇ ತರುವುದಿಲ್ಲ. ಎದುರಾಳಿಯ ಆಟವನ್ನು ಅನುಕರಿಸುವ ಸ್ಕೌಟ್ ತಂಡದ ಹುಡುಗರು ಬರಿಗೈಯಲ್ಲಿ ಓಡುತ್ತಾರೆ. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ನಡೆಸುವ ಆಟಗಾರ, ಬರಿಗೈಯನ್ನೇ ಫುಲ್‌ಬ್ಯಾಕ್ ಎಂಬ ಓಟಗಾರನ ಹೊಟ್ಟೆಗೆ ಒತ್ತಿ, ಹಿಂದಕ್ಕೆಳೆದುಕೊಂಡು, ಅಂಚಿನ ಕಡೆಗೆ ತಿರುಗುತ್ತಾನೆ. ನಮ್ಮ ರಕ್ಷಣಾ ಪಡೆಯಲ್ಲಿ ಪ್ರತಿಯೊಬ್ಬನೂ ತನಗೆ ಒಪ್ಪಿಸಿದ ಆಟಗಾರನನ್ನು, ಅವನ ಬಳಿ ಚೆಂಡಿದೆಯೋ ಇಲ್ಲವೋ ಎಂಬ ಯೋಚನೆಯನ್ನೇ ಮಾಡದೆ, ಹಿಡಿದು ನಿಲ್ಲಿಸಬೇಕು. ಮೊದಲ ಹತ್ತು ನಿಮಿಷ ಹುಡುಗರು ತಡವರಿಸುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಚೆಂಡು ಹೋದ ಕಡೆಗೆ ಓಡು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವರಿಗೆ, ಚೆಂಡಿಲ್ಲದ ಮೈದಾನದಲ್ಲಿ ಎಲ್ಲಿ ನೋಡಬೇಕೆಂದೇ ತಿಳಿಯುವುದಿಲ್ಲ.

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡವೊಂದರ ರಕ್ಷಣಾ ವಿಭಾಗಕ್ಕಾಗಿ ಎದುರಾಳಿಗಳ ವಿಡಿಯೊ ನೋಡಿ ಟಿಪ್ಪಣಿ ಸಿದ್ಧಪಡಿಸುವುದು ನನ್ನ ಕೆಲಸ. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಊರುಗಳಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡಿಯೋ ಎಸೆದೋ, ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಿ, ಹಾಗೆ ಸಾಗಿದರೆ ಮತ್ತೆ ನಾಲ್ಕು ಯತ್ನಗಳನ್ನು ಗಳಿಸಿಕೊಳ್ಳುವ ಆಟ. ಮಕ್ಕಳನ್ನು ಇಲ್ಲಿನ ಕಾಲೇಜುಗಳಿಗೆ ಸೇರಿಸಿದ ಕನ್ನಡಿಗ ಗೆಳೆಯರು ಪಂದ್ಯ ನೋಡಲು ಬಂದಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ಎದುರಿನವರು ಮೈಕಟ್ಟಿನಲ್ಲೂ ವೇಗದಲ್ಲೂ ನಿಮ್ಮ ಹುಡುಗರಿಗಿಂತ ಕಡಿಮೆಯೇ ಇದ್ದರೂ ಪಂದ್ಯ ಇಷ್ಟು ಬಿಗಿಯಾಗುವುದೇಕೆ? ಉತ್ತರ ಇರುವುದು ಆಟಗಾರನ ಕಣ್ಣಿನಲ್ಲಿ ಎಂದು ನಾನು ನಂಬಿದ್ದೇನೆ. ನಮ್ಮ ಹುಡುಗ ಎಲ್ಲಿ ನೋಡಿ ರೂಢಿಯಾಗಿದೆಯೋ ಅದನ್ನೇ ಬುದ್ಧಿವಂತ ಎದುರಾಳಿ ಬಲೆಯಾಗಿ ಬಳಸುತ್ತಾನೆ, ಮತ್ತು ಆ ರೂಢಿಯನ್ನು ತಿದ್ದಲು ನಮಗೆ ಸಿಗುವ ಸಮಯ ಬಹಳ ಕಡಿಮೆ.

ಎಷ್ಟು ಕಡಿಮೆ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎಯ ನಿಯಮದಂತೆ ಆಟದ ಋತುವಿನಲ್ಲಿ ವಿದ್ಯಾರ್ಥಿಯೊಬ್ಬನಿಂದ ವಾರಕ್ಕೆ 20 ಗಂಟೆಗಿಂತ ಹೆಚ್ಚು, ದಿನಕ್ಕೆ 4 ಗಂಟೆಗಿಂತ ಹೆಚ್ಚು ಕಡ್ಡಾಯದ ತಯಾರಿಯನ್ನು ಕೇಳುವಂತಿಲ್ಲ, ಒಂದು ದಿನ ಪೂರ್ತಿ ಬಿಡುವು ಕೊಡಲೇಬೇಕು. ಪಂದ್ಯದ ದಿನವನ್ನು 3 ಗಂಟೆಯೆಂದು ಲೆಕ್ಕ ಹಿಡಿಯುತ್ತಾರೆ. ಉಳಿದ 17 ಗಂಟೆಗಳಲ್ಲೇ ಭಾರ ಎತ್ತುವ ವ್ಯಾಯಾಮ, ತಂಡದ ಸಭೆಗಳು, ವಿಡಿಯೊ ನೋಡುವುದು, ಮೈದಾನದ ಅಭ್ಯಾಸ ಎಲ್ಲವೂ ಮುಗಿಯಬೇಕು. ಹುಡುಗರು ಓದಲು ಬಂದವರು. ಈ ಮಿತಿ ಇರಲೇಬೇಕು, ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಮಾತ್ರ ಎದುರಾಗುವ ವಿಲಕ್ಷಣ ತಂತ್ರವೊಂದಕ್ಕೆ ಆ 17 ಗಂಟೆಗಳಲ್ಲಿ ಕಣ್ಣನ್ನು ಹದಗೊಳಿಸುವುದು ಎಷ್ಟು ಕಷ್ಟವೆಂಬುದನ್ನು ಈ ಕೆಲಸಕ್ಕೆ ಬಂದ ಮೇಲೆಯೇ ನಾನು ಅರಿತದ್ದು.

ಟ್ರಿಪಲ್ ಆಪ್ಷನ್ ಅಂಥ ತಂತ್ರಗಳಲ್ಲಿ ಮೊದಲನೆಯದು. ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದೆಯೇ ಫುಲ್‌ಬ್ಯಾಕ್ ಬಗ್ಗಿ ಕುಳಿತಿರುತ್ತಾನೆ, ಎರಡು ಪಕ್ಕಗಳಲ್ಲಿ ಸ್ಲಾಟ್‌ಬ್ಯಾಕ್ ಎಂಬ ಇನ್ನಿಬ್ಬರು ಓಟಗಾರರು ನಿಂತಿರುತ್ತಾರೆ. ಆಟ ಶುರುವಾದೊಡನೆ ದಾಳಿ ಮಾಡುವವರು ನಮ್ಮ ಒಬ್ಬ ಆಟಗಾರನನ್ನು ಬೇಕೆಂದೇ ತಡೆಯದೆ ಬಿಟ್ಟುಬಿಡುತ್ತಾರೆ. ಅವನು ಫುಲ್‌ಬ್ಯಾಕ್‌ನ ಮೇಲೆ ಎರಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತನ್ನಲ್ಲೇ ಉಳಿಸಿಕೊಂಡು ಅಂಚಿನತ್ತ ಓಡುತ್ತಾನೆ. ಎರಗದಿದ್ದರೆ ಚೆಂಡು ಫುಲ್‌ಬ್ಯಾಕ್‌ನ ಪಾಲು. ಅಂಚಿನಲ್ಲಿ ಬೇಕೆಂದೇ ಬಿಟ್ಟ ಎರಡನೆಯ ಆಟಗಾರನಿರುತ್ತಾನೆ. ಅವನು ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿಯಲು ಬಂದರೆ ಚೆಂಡು ಹಿಂದಿನಿಂದ ಓಡಿಬರುವ ಸ್ಲಾಟ್‌ಬ್ಯಾಕ್‌ನ ಕೈ ಸೇರುತ್ತದೆ, ಸ್ಲಾಟ್‌ಬ್ಯಾಕ್‌ನ ಬೆನ್ನು ಹತ್ತಿದರೆ ಕ್ವಾರ್ಟರ್‌ಬ್ಯಾಕ್ ತಾನೇ ಮುಂದೆ ನುಗ್ಗುತ್ತಾನೆ. ಇಷ್ಟೆಲ್ಲ ನಡೆಯಲು ಎರಡು ಸೆಕೆಂಡುಗಳ ಆಸುಪಾಸು ಸಾಕು.

ಇದರ ಹಿಂದಿರುವುದು ಸರಳ ಗಣಿತ. ನಮ್ಮ ಇಬ್ಬರನ್ನು ತಡೆಯುವ ಗೋಜಿಗೇ ಹೋಗದ ಕಾರಣ, ಅವರನ್ನು ತಡೆಯಬೇಕಾಗಿದ್ದ ಇಬ್ಬರು ನಮ್ಮ ರಕ್ಷಣೆಯ ಎರಡನೆಯ ಸಾಲಿನ ಲೈನ್‌ಬ್ಯಾಕರ್‌ಗಳ ಮೇಲೆ ಬೀಳಲು ಸಿಗುತ್ತಾರೆ. ಅಮೆರಿಕದ ಸೇನಾ ಅಕಾಡೆಮಿಗಳಾದ ಆರ್ಮಿ, ನೇವಿ, ಏರ್‌ಫೋರ್ಸ್ ತಂಡಗಳು ಈ ಆಟವನ್ನು ದಶಕಗಳ ಕಾಲ ಉಳಿಸಿಕೊಂಡು ಬಂದುದಕ್ಕೂ ಇದೇ ಕಾರಣ. ಅಲ್ಲಿನ ಕೆಡೆಟ್‌ಗಳು ಸೇನೆಯ ದೇಹದಾರ್ಢ್ಯದ ಮಾನದಂಡಗಳನ್ನು ಮುಟ್ಟಲೇಬೇಕು. ಬೇರೆ ದೊಡ್ಡ ತಂಡಗಳಲ್ಲಿ ಸಾಲುಸಾಲಾಗಿ ಕಾಣುವ 140 ಕಿಲೋ ತೂಕದ ಲೈನ್‌ಮನ್‌ಗಳು, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಳ್ಳಿ ತಡೆಯುವವರು, ಅಲ್ಲಿಗೆ ಸುಲಭವಾಗಿ ಸಿಗುವುದಿಲ್ಲ. ತೂಕದಲ್ಲಿ ಸೋಲುವಲ್ಲಿ ಎಣಿಕೆಯಲ್ಲಿ ಗೆಲ್ಲುವ ದಾರಿಯನ್ನು ಅವರು ಕಂಡುಕೊಂಡರು.

ಅದರ ಫಲವನ್ನು ತೋರಿಸಲು ನಾನು ಹೊಸ ಹುಡುಗರ ಮುಂದಿಡುವುದು 2018ರ ಸೆಪ್ಟೆಂಬರ್ 22ರಂದು ನಾರ್ಮನ್‌ನಲ್ಲಿ ನಡೆದ ಆರ್ಮಿ ಮತ್ತು ಒಕ್ಲಹೋಮಾ ನಡುವಣ ಪಂದ್ಯವನ್ನು. ಒಕ್ಲಹೋಮಾದ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರಿ; ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು ಆ ವರ್ಷ ಪಡೆದವನು. ಅಂದು ಆರ್ಮಿ 87 ಬಾರಿ ಚೆಂಡನ್ನು ಆಡಿಸಿತು, ಒಕ್ಲಹೋಮಾಗೆ ಸಿಕ್ಕಿದ್ದು 40 ಅವಕಾಶ ಮಾತ್ರ. 60 ನಿಮಿಷಗಳ ಪಂದ್ಯದಲ್ಲಿ ಚೆಂಡು 44 ನಿಮಿಷಕ್ಕೂ ಹೆಚ್ಚು ಹೊತ್ತು ಆರ್ಮಿಯ ಬಳಿಯೇ ಇತ್ತು. ದೇಶದ ಅತಿ ಚುರುಕಾದ ಆಕ್ರಮಣ ಪಡೆ ಬೆಂಚಿನ ಮೇಲೆ ಕುಳಿತು ನೋಡಬೇಕಾಯಿತು. ನಿಗದಿತ ಅವಧಿ 21-21ರಲ್ಲಿ ಸಮವಾಗಿ, ಹೆಚ್ಚುವರಿ ಅವಧಿಯಲ್ಲಿ ಒಕ್ಲಹೋಮಾ 28-21ರಿಂದ ಗೆದ್ದಿತು. ಮರುವರ್ಷ ಮಿಷಿಗನ್ ಕೂಡ ತನ್ನದೇ ಅಂಗಳದಲ್ಲಿ ಎರಡು ಹೆಚ್ಚುವರಿ ಅವಧಿಗಳ ನಂತರವೇ 24-21ರಿಂದ ಆರ್ಮಿಯಿಂದ ಪಾರಾದದ್ದು. ಇಂಥ ಪಂದ್ಯದಲ್ಲಿ ಬಲಿಷ್ಠ ತಂಡಕ್ಕೆ ತನ್ನ ಬಲ ತೋರಿಸುವ ಅವಕಾಶಗಳೇ ಕಡಿಮೆ ಸಿಗುತ್ತವೆ, ಆದ್ದರಿಂದ ಒಂದೇ ಒಂದು ತಪ್ಪು ಇಡೀ ಪಂದ್ಯದಷ್ಟು ಭಾರವಾಗುತ್ತದೆ. ಪ್ರತಿ ಯತ್ನಕ್ಕೆ ಎರಡೂವರೆ ಗಜ ಸಿಕ್ಕರೂ ನಾಲ್ಕರಲ್ಲಿ ಹತ್ತು ಗಜವಾಗುತ್ತದೆ. ನಾಲ್ಕನೆಯ ಯತ್ನದಲ್ಲಿ ಬೇರೆ ತಂಡಗಳಂತೆ ಚೆಂಡನ್ನು ದೂರಕ್ಕೆ ಒದ್ದು ಕೈಬಿಡದೆ ಅವರು ಆಟ ಮುಂದುವರಿಸುತ್ತಾರೆ ಎಂಬುದನ್ನು ನಮ್ಮ ಹುಡುಗರ ಮನಸ್ಸು ಒಪ್ಪಿಕೊಳ್ಳುವುದಕ್ಕೇ ಅರ್ಧ ಪಂದ್ಯ ಕಳೆದಿರುತ್ತದೆ. ಮೂರನೆಯ ಯತ್ನವನ್ನು ತಡೆದ ಕೂಡಲೇ ಹೆಲ್ಮೆಟ್ ಬಿಚ್ಚಲು ಕೈ ಹಾಕುವ ಹುಡುಗನನ್ನು ನಾನು ಪ್ರತಿ ಸಲವೂ ವಿಡಿಯೊದಲ್ಲಿ ಕಾಣುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ಸೋತ ಅಂಥದೊಂದು ಪಂದ್ಯದ ವಿಡಿಯೊವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಮ್ಮ ಸೇಫ್ಟಿ, ಅಂದರೆ ರಕ್ಷಣೆಯ ಕೊನೆಯ ಸಾಲಿನಲ್ಲಿ ನಿಲ್ಲುವ ಆಟಗಾರ, ಇಡೀ ತಂಡದಲ್ಲಿ ಅತ್ಯಂತ ಶ್ರದ್ಧೆಯ ಹುಡುಗ. ಸ್ಲಾಟ್‌ಬ್ಯಾಕ್ ಮುಂದಕ್ಕೆ ಹೊರಟರೆ ಅವನ ಜೊತೆಗೇ ಹೋಗಬೇಕು ಎಂಬುದು ಅವನಿಗೆ ಕೊಟ್ಟ ಕೆಲಸ. ಎರಡು ಗಂಟೆಗಳ ಕಾಲ ಅದನ್ನು ಚಾಚೂ ತಪ್ಪದೆ ಮಾಡಿದ. ಪಂದ್ಯದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರನೆಯದು ಮುಗಿಯುವ ಹೊತ್ತಿಗೆ ಫುಲ್‌ಬ್ಯಾಕ್ ಮೂರು ಗಜ, ನಾಲ್ಕು ಗಜ, ಮತ್ತೆ ಮೂರು ಗಜ ಎಂದು ನಮ್ಮ ನಡುವಿನ ಹುಡುಗರನ್ನು ಜಜ್ಜುತ್ತಿದ್ದುದನ್ನು ನೋಡಿ ಅವನಿಗೆ ಸಂಕಟವಾಗಿರಬೇಕು. ನೆರವಿಗೆಂದು ಎರಡು ಹೆಜ್ಜೆ ಮುಂದಕ್ಕೆ ಬಂದ, ಅಷ್ಟೇ. ತಡೆಯುವವನಂತೆ ಬಾಗಿ ಬಂದ ಸ್ಲಾಟ್‌ಬ್ಯಾಕ್ ಅವನ ಪಕ್ಕದಿಂದಲೇ ಜಾರಿ ಹಿಂದಕ್ಕೆ ಓಡಿದ, ಚೆಂಡು ಅವನ ತಲೆಯ ಮೇಲಿಂದ ಹಾರಿಹೋಯಿತು. ಅಷ್ಟು ಹೊತ್ತು ನೆಲಕ್ಕಂಟಿ ಆಡಿದವರು ಅಂದು ದೂರಕ್ಕೆ ಎಸೆದದ್ದು ಅದೊಂದೇ ಚೆಂಡು. ಹುಡುಗನನ್ನು ನಾನು ದೂರುವುದಿಲ್ಲ. ನೆರವಿಗೆ ಓಡಬೇಕೆಂಬ ಅವನ ಒಳ್ಳೆಯ ಗುಣವನ್ನೇ ಎದುರಾಳಿ ಕಾದು ಕುಳಿತಿದ್ದ, ಮತ್ತು ಆ ಗುಣಕ್ಕೆ ಕಡಿವಾಣ ಹಾಕುವಷ್ಟು ಅಭ್ಯಾಸವನ್ನು ನಾವು ಅವನಿಗೆ ಕೊಟ್ಟಿರಲಿಲ್ಲ. ನನ್ನ ಟಿಪ್ಪಣಿಯಲ್ಲಿ ಆ ಎಸೆತದ ಚಿತ್ರವಿತ್ತು, ಆದರೆ ಅದು ಎಂಟನೆಯ ಪುಟದಲ್ಲಿತ್ತು.

ಈ ಆಟದ ಇನ್ನೊಂದು ಅಸ್ತ್ರ ಸೊಂಟದ ಕೆಳಗೆ ಬಿದ್ದು ತಡೆಯುವ ಕಟ್ ಬ್ಲಾಕ್. ಮೊಣಕಾಲಿಗೆ ಎರಗುವವನನ್ನು ಕೈಯಿಂದ ಒತ್ತಿ ಹಿಡಿಯುತ್ತಲೇ ಓಟಗಾರನ ಮೇಲೂ ಗಮನವಿಡಬೇಕಾದ್ದರಿಂದ ರಕ್ಷಕರ ಕಣ್ಣು ಕೆಳಗೂ ಮೇಲೂ ಎಳೆದಾಡುತ್ತದೆ. ಲೈನ್‌ಮನ್‌ಗಳು ಕಾದಾಡುವ ನಡುವಿನ ಕಿರುಜಾಗದ ಹೊರಗೆ ಇಂಥ ತಡೆಯನ್ನು 2022ರಲ್ಲಿ ನಿಯಮವೇ ನಿಷೇಧಿಸಿತು. ಮೊಣಕಾಲಿನ ಗಾಯದಿಂದ ಇಡೀ ವರ್ಷ ಕಳೆದುಕೊಂಡ ಹುಡುಗರನ್ನು ಹತ್ತಿರದಿಂದ ನೋಡಿದ ನನಗೆ ಈ ಬದಲಾವಣೆ ಸರಿಯೆಂದೇ ತೋರುತ್ತದೆ. ಇದರೊಂದಿಗೆ ಟ್ರಿಪಲ್ ಆಪ್ಷನ್ನಿನ ಕಾಲ ಮುಗಿಯಿತೆಂದು ಹಲವರು ಭಾವಿಸಿದರು. ಆರ್ಮಿ ಕೂಡ 2023ರಲ್ಲಿ ಕ್ವಾರ್ಟರ್‌ಬ್ಯಾಕ್ ದೂರ ನಿಂತು ಚೆಂಡು ಪಡೆಯುವ ಶಾಟ್‌ಗನ್ ಪದ್ಧತಿಗೆ ಬದಲಾಗಿ, ಆರು ಗೆದ್ದು ಆರು ಸೋತಿತು. ಮರುವರ್ಷ ಹಳೆಯ ಪದ್ಧತಿಗೆ ಮರಳಿ 12 ಪಂದ್ಯಗಳನ್ನು ಗೆದ್ದು, ಟುಲೇನ್ ತಂಡವನ್ನು 35-14ರಿಂದ ಸೋಲಿಸಿ ತಾನಿರುವ ತಂಡಗಳ ಕೂಟವಾದ ಅಮೆರಿಕನ್ ಕಾನ್ಫರೆನ್ಸಿನ ಚಾಂಪಿಯನ್ ಆಯಿತು. ಆ ವರ್ಷ ಅದು ಸೋತದ್ದು ಎರಡೇ ತಂಡಗಳಿಗೆ: ನೋಟರ್‌ಡೇಮ್‌ಗೆ 49-14ರಿಂದ, ನೇವಿಗೆ 31-13ರಿಂದ. ಈ ಎರಡು ಹೆಸರುಗಳನ್ನು ನಾನು ಗಮನವಿಟ್ಟು ನೋಡುತ್ತೇನೆ. ನೇವಿ ಈ ಆಟದಲ್ಲೇ ಬೆಳೆದ ತಂಡ. ನೋಟರ್‌ಡೇಮ್ ಬಲದಲ್ಲೂ ಮೇಲು, ಜೊತೆಗೆ 1927ರಿಂದ, 2020ರ ಒಂದು ವರ್ಷ ಬಿಟ್ಟು, ನೇವಿಯ ವಿರುದ್ಧ ಪ್ರತಿ ವರ್ಷವೂ ಆಡುತ್ತ ಬಂದ ತಂಡ. ಪರಿಚಯವೊಂದೇ ಗೆಲ್ಲಿಸುವುದಿಲ್ಲ ನಿಜ. 2007ರಲ್ಲಿ ನೇವಿ 43 ಸೋಲುಗಳ ಸಾಲನ್ನು ಮುರಿದು 46-44ರಿಂದ ಗೆದ್ದದ್ದು ಇದೇ ನೋಟರ್‌ಡೇಮಿನ ವಿರುದ್ಧ. ಆದರೂ ಕಣ್ಣಿಗೆ ಪರಿಚಯವಿರುವವರಿಗೆ ಮೊದಲ ಕ್ವಾರ್ಟರ್‌ನಲ್ಲಿ ತಬ್ಬಿಬ್ಬಾಗುವ ಗಂಡಾಂತರ ಕಡಿಮೆ.

ಇದೇ ತೊಂದರೆ ದಾಳಿ ಮಾಡುವ ನಮ್ಮವರಿಗೂ ಬರುತ್ತದೆ. ಈಗಿನ ಕಾಲೇಜು ತಂಡಗಳಲ್ಲಿ ಬಹಳಷ್ಟು ಆರ್‌ಪಿಒ (ರನ್-ಪಾಸ್ ಆಪ್ಷನ್) ಎಂಬ ಆಟವನ್ನು ನೆಚ್ಚಿಕೊಂಡಿವೆ. ಕ್ವಾರ್ಟರ್‌ಬ್ಯಾಕ್ ಎದುರಿನ ಒಬ್ಬ ಲೈನ್‌ಬ್ಯಾಕರ್‌ನನ್ನು ನೋಡಿ, ಅವನು ಮುಂದೆ ಬಂದರೆ ಅವನು ಬಿಟ್ಟ ಜಾಗಕ್ಕೆ ಎಸೆಯುತ್ತಾನೆ, ಹಿಂದೆ ಸರಿದರೆ ಓಟಗಾರನಿಗೆ ಕೊಡುತ್ತಾನೆ. ಆಪ್ಷನ್ನಿನ ಬೀಜವೇ ಇಲ್ಲಿಯೂ ಇದೆ. ಕಾಲೇಜು ನಿಯಮದಲ್ಲಿ ಲೈನ್‌ಮನ್‌ಗಳು ಎಸೆತಕ್ಕೆ ಮುನ್ನ ಮೂರು ಗಜದವರೆಗೆ ಮುಂದೆ ಹೋಗಿ ಇದು ಓಟದ ಆಟವೇ ಎಂಬಂತೆ ತೋರಿಸಬಹುದಾದ್ದರಿಂದ ಈ ಮೋಸ ಚೆನ್ನಾಗಿ ನಡೆಯುತ್ತದೆ. ಇದಕ್ಕೆ 2017ರಲ್ಲಿ ಅಯೋವಾ ಸ್ಟೇಟ್ ತಂಡದ ರಕ್ಷಣಾ ಕೋಚ್ ಜಾನ್ ಹೀಕಾಕ್ ಕಂಡುಕೊಂಡ ಉತ್ತರ ಬಹಳ ಸೊಗಸಾದದ್ದು. ಅವರು ಮುಂದೆ ಮೂವರನ್ನಷ್ಟೇ ನಿಲ್ಲಿಸಿ, ಹಿಂದೆ ಇಬ್ಬರ ಬದಲು ಮೂವರು ಸೇಫ್ಟಿಗಳನ್ನು ಇಟ್ಟರು. ನಡುವಿನ ಸೇಫ್ಟಿ ಹತ್ತು ಹನ್ನೆರಡು ಗಜ ಹಿಂದೆ ಸುಮ್ಮನೆ ನಿಂತಿರುತ್ತಾನೆ. ಓಟದ ಆಟವಾದರೆ ತಡವಾಗಿ ಇಳಿದು ಬಂದು ಲೈನ್‌ಬ್ಯಾಕರ್ ಆಗುತ್ತಾನೆ, ಎಸೆತವಾದರೆ ಮೈದಾನದ ನಡುಭಾಗವನ್ನು ಕಾಯುತ್ತಾನೆ. ಹೀಗಾಗಿ ಯಾವ ಆಟಗಾರನನ್ನು ನೋಡಿ ನಿರ್ಧರಿಸಬೇಕೆಂಬುದೇ ಕ್ವಾರ್ಟರ್‌ಬ್ಯಾಕ್‌ಗೆ ಹೊಳೆಯುವುದಿಲ್ಲ. ಆ ಅಕ್ಟೋಬರ್ 7ರಂದು ದೇಶದಲ್ಲಿ ಮೂರನೆಯ ಸ್ಥಾನದಲ್ಲಿದ್ದ ಒಕ್ಲಹೋಮಾವನ್ನು ಅದರ ಅಂಗಳದಲ್ಲೇ ಅಯೋವಾ ಸ್ಟೇಟ್ 38-31ರಿಂದ ಸೋಲಿಸಿತು. ಇಂದು ಈ ವಿನ್ಯಾಸದ ಛಾಯೆಯಿಲ್ಲದ ವಾರ ನಮಗೆ ಬರುವುದು ಅಪರೂಪ. ಇದನ್ನು ಎದುರಿಸಲು ತಾಳ್ಮೆ ಬೇಕು: ನಾಲ್ಕೈದು ಗಜದ ಓಟಗಳನ್ನು ಬೇಸರವಿಲ್ಲದೆ ಒಪ್ಪಿಕೊಳ್ಳುವ ಕ್ವಾರ್ಟರ್‌ಬ್ಯಾಕ್ ಗೆಲ್ಲುತ್ತಾನೆ, ದೂರದ ಎಸೆತಕ್ಕೆ ಹಪಹಪಿಸುವವನು ಚೆಂಡನ್ನು ಎದುರಾಳಿಯ ಕೈಗಿಡುತ್ತಾನೆ.

ಉಸಿರಾಡಲು ಬಿಡದೆ ಒಂದರ ಹಿಂದೊಂದು ಆಟ ಆಡಿಸುವ ವೇಗದ ತಂಡಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವರು ನೋಡುವ ಸಮಯವನ್ನೇ ಕಸಿದುಕೊಳ್ಳುತ್ತಾರೆ. 2024ರಿಂದ ಮೇಲ್ದರ್ಜೆಯ ತಂಡಗಳಲ್ಲಿ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗೆ ಕೋಚ್ ಮಾತಾಡಬಹುದಾಗಿದೆ. ಆದರೆ ಪ್ರತಿ ಯತ್ನವನ್ನು ಶುರುಮಾಡಲು ಗಡುವು ಹಾಕುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ, ಅಥವಾ ಅದಕ್ಕೆ ಮೊದಲೇ ಚೆಂಡು ಕದಲಿದಾಗ, ಆ ಧ್ವನಿ ಕಡಿತವಾಗುತ್ತದೆ. ಕೊನೆಯ ನೋಟ ಹುಡುಗನದೇ.

ಆ ಸೋಲಿನ ನಂತರ ನಾವು ಎರಡು ಬದಲಾವಣೆ ಮಾಡಿಕೊಂಡೆವು. ಅಕ್ಟೋಬರ್‌ನಲ್ಲಿ ಆಪ್ಷನ್ ತಂಡ ಎದುರಾಗುವುದಿದ್ದರೆ ಆಗಸ್ಟ್‌ನಿಂದಲೇ ಪ್ರತಿ ಗುರುವಾರ ಹತ್ತು ನಿಮಿಷ ಅದಕ್ಕೆ ಮೀಸಲು. ಹತ್ತು ವಾರಗಳ ಹತ್ತು ನಿಮಿಷ ಒಂದೇ ವಾರದ ನೂರು ನಿಮಿಷಕ್ಕಿಂತ ಹೆಚ್ಚು ಕಣ್ಣಿಗೆ ಅಂಟುತ್ತದೆ ಎಂಬುದು ನನ್ನ ಅನುಭವ. ಟಿಪ್ಪಣಿಯೂ ಈಗ ಎರಡೇ ಪುಟ, ಪ್ರತಿ ಆಟಗಾರನಿಗೆ ಅವನ ಕೆಲಸ ಒಂದೇ ವಾಕ್ಯದಲ್ಲಿ. ಸೇಫ್ಟಿಗಳ ಹಾಳೆಯಲ್ಲಿ ‘ಸ್ಲಾಟ್‌ಬ್ಯಾಕ್‌ನ ಸೊಂಟ ನೋಡು’ ಎಂದಷ್ಟೇ ಬರೆಯುತ್ತೇನೆ. ಹೈಸ್ಕೂಲಿನಲ್ಲಿ ಕಬಡ್ಡಿ ಆಡುವಾಗ ನಮ್ಮ ಪಿ.ಟಿ. ಮೇಷ್ಟ್ರು ರೈಡರ್‌ನ ಕೈ ನೋಡಬೇಡ, ನಡು ನೋಡು ಎನ್ನುತ್ತಿದ್ದರು. ಭುಜ ಮತ್ತು ತಲೆ ಸುಳ್ಳು ಹೇಳಬಲ್ಲವು, ಸೊಂಟ ಹೋಗುವ ಕಡೆಗೇ ತಿರುಗುತ್ತದೆ.

ಇಷ್ಟಾದರೂ ಅಭ್ಯಾಸದ ಗುಣಮಟ್ಟ ನಿಂತಿರುವುದು ಸ್ಕೌಟ್ ತಂಡದ ಕ್ವಾರ್ಟರ್‌ಬ್ಯಾಕ್‌ನ ಮೇಲೆ. ನಮ್ಮ ಕ್ವಾರ್ಟರ್‌ಬ್ಯಾಕ್‌ಗಳೆಲ್ಲ ಎಸೆಯಲು ಕಲಿತವರು. ಫುಲ್‌ಬ್ಯಾಕ್‌ನ ಹೊಟ್ಟೆಯಲ್ಲಿ ಚೆಂಡಿಟ್ಟು ಅರೆಕ್ಷಣ ಕಾಯುವ ಕೌಶಲ ಅವರಲ್ಲಿಲ್ಲ. ಹಿಂದಿನ ಬಾರಿ ಹೈಸ್ಕೂಲಿನಲ್ಲಿ ಆಪ್ಷನ್ ಆಡಿದ್ದ ಮೊದಲ ವರ್ಷದ ಹುಡುಗನೊಬ್ಬ ಸಿಕ್ಕಿದ್ದ. ಹೊರಊರಿನ ಪಂದ್ಯಕ್ಕೆ ಹೋಗುವ ಬಸ್ಸಿನಲ್ಲಿ ಅವನಿಗೆ ಜಾಗವಿರಲಿಲ್ಲ. ಆದರೆ ಆ ವಾರವಿಡೀ ನಮ್ಮ ಮುಖ್ಯ ರಕ್ಷಕರನ್ನು ಎಡಕ್ಕೆ ನೋಡುವಂತೆ ಮಾಡಿ ಬಲಕ್ಕೆ ಓಡುತ್ತಿದ್ದವನು ಅವನೇ, ಮತ್ತು ಗುರುವಾರ ಸಂಜೆ ಅಭ್ಯಾಸ ಮುಗಿದಾಗ ಸೇಫ್ಟಿಗಳಿಬ್ಬರೂ ಅವನನ್ನು ಬದಿಗೆ ಕರೆದು, ಚೆಂಡನ್ನು ಎಸೆಯುವ ಮುನ್ನ ಅವನ ಕಾಲು ಹೇಗೆ ತಿರುಗುತ್ತದೆ ಎಂದು ಮತ್ತೆ ಮತ್ತೆ ತೋರಿಸಿಕೊಂಡರು. ಶನಿವಾರ ಎರಡನೆಯ ಕ್ವಾರ್ಟರ್‌ನಲ್ಲಿ ಅದೇ ಎಸೆತ ಬಂದಾಗ ಸ್ಲಾಟ್‌ಬ್ಯಾಕ್‌ನ ಪಕ್ಕದಲ್ಲೇ ನಮ್ಮ ಹುಡುಗನಿದ್ದ.